ಡೀಸೆಲ್ ಮಹಾಶಯನ ಕಾಗದಪತ್ರಗಳು

ಹೊಂಗೆ ಎಣ್ಣೆಯಿಂದ ಎಂಜಿನು ನಡೆಸುವ ಮಾತು ನಮ್ಮ ಕರ್ನಾಟಕದಲ್ಲಿ ಎದ್ದಾಗ ಒಂದು ಕಥೆಯೂ ಜೊತೆಗೆ ಏಳುವುದುಂಟು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಯಂತ್ರಶಿಲ್ಪಿಯು ತನ್ನ ಯಂತ್ರವನ್ನು ನೆಲಗಡಲೆ ಎಣ್ಣೆಗಾಗಿಯೇ ನಿರ್ಮಿಸಿದನೆಂದು ಆ ಕಥೆ. ಕೇಳುವುದಕ್ಕೇನೋ ಸೊಗಸಾಗಿದೆ. ಆದರೆ ಆತನ ಪೇಟೆಂಟುಗಳೂ ಗ್ರಂಥಗಳೂ ಹೇಳುವುದು ಬೇರೆ. ಅವು ಹೇಳುವುದೇ ಹೆಚ್ಚು ಕರುಣಾಜನಕವೆಂದು ನಮಗೆ ತೋರುತ್ತದೆ.

ಈತನು ಹುಟ್ಟಿದ್ದು 1858ನೆಯ ಇಸವಿ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆತಾಯಿಗಳು ಜರ್ಮನರು, ತಂದೆಯದು ಚರ್ಮದ ಸಾಮಾನು ಮಾಡುವ ಕಸಬು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿಕೊಂಡಾಗ, ಪರದೇಶಿಗಳೆಂಬ ಕಾರಣದಿಂದ ಆ ಕುಟುಂಬವು ಮನೆಮಾರು ಬಿಟ್ಟು ಲಂಡನಿಗೆ ತೆರಳಬೇಕಾಯಿತು. ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೆರಡರ ಬಾಲಕನನ್ನು ಆಗ್ಸ್‌ಬರ್ಗಿನ ಬಂಧುಗಳ ಬಳಿಗೆ ಕಳುಹಿಸಿದರು. ಮುಂದೆ ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯದಲ್ಲಿ ಶೀತಯಂತ್ರಗಳ ಪ್ರವರ್ತಕನಾದ ಕಾರ್ಲ್ ಫಾನ್ ಲಿಂಡೆಯು ಈತನಿಗೆ ಗುರುವಾದನು. ಉಗಿಯಂತ್ರವು ಕಲ್ಲಿದ್ದಲಿನ ಶಾಖದಲ್ಲಿ ಬಹುಭಾಗವನ್ನು ವ್ಯರ್ಥಗೊಳಿಸಿ, ನೂರಕ್ಕೆ ಹತ್ತರಷ್ಟನ್ನು ಕೆಲಸಕ್ಕೆ ಕೊಟ್ಟರೆ ಅದೇ ಹೆಚ್ಚೆಂದು ಗುರುವಿನಿಂದ ಕೇಳಿದ್ದು ಶಿಷ್ಯನ ತಲೆಯಲ್ಲಿ ಉಳಿಯಿತು. 1880ರಲ್ಲಿ ತೇರ್ಗಡೆಯಾಗಿ ಲಿಂಡೆಯ ಮಂಜುಗಡ್ಡೆಯ ಉದ್ಯಮದಲ್ಲಿಯೇ ನೌಕರಿಗೆ ನಿಂತನು.

1892ರ ಫೆಬ್ರವರಿಯಲ್ಲಿ ಆತನು ಸಲ್ಲಿಸಿದ ಅರ್ಜಿಗೆ ಮರುವರ್ಷ ಜರ್ಮನಿಯ 67207ನೆಯ ಪೇಟೆಂಟು ದೊರೆಯಿತು. ಬರಿಯ ಗಾಳಿಯನ್ನು ಬಲವಾಗಿ ಅಮುಕಿದರೆ ಅದು ಕಾದು ಕೆಂಡದಂತಾಗುತ್ತದೆ. ಅದರೊಳಗೆ ಇಂಧನವನ್ನು ಮೆಲ್ಲಮೆಲ್ಲನೆ ಬಿಟ್ಟರೆ ಕಿಡಿಯ ಹಂಗಿಲ್ಲದೆ ತಾನೇ ಉರಿಯುತ್ತದೆ. ಇದಿಷ್ಟು ಸರಿ. ಆದರೆ ಉರಿಯುವಾಗ ಶಾಖವು ಏರಲೇಬಾರದೆಂದು ಪೇಟೆಂಟಿನಲ್ಲಿ ಬರೆದುಕೊಂಡಿದ್ದನು. 1893ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಾಯುಮಂಡಲದ 250 ಪಟ್ಟು ಒತ್ತಡವನ್ನು ವಿಧಿಸಿದ್ದನು. ಇಂಧನವಾದರೋ ಘನ, ದ್ರವ, ಅನಿಲ ಯಾವುದಾದರೂ ಆದೀತೆಂದಿತ್ತು. ಆತನ ಕಣ್ಣು ಆಗ ಇದ್ದದ್ದು ಕಲ್ಲಿದ್ದಲಿನ ಪುಡಿಯ ಮೇಲೆ.

ಗ್ರಂಥ ಹೊರಬಂದ ವರ್ಷವೇ ಲೆಕ್ಕವನ್ನು ಪುನಃ ಮಾಡಿ ನೋಡಿದಾಗ ಡೀಸೆಲನಿಗೆ ಸತ್ಯ ತಿಳಿಯಿತು. ಪೇಟೆಂಟಿನಲ್ಲಿ ಬರೆದಂತೆಯೇ ಯಂತ್ರ ಮಾಡಿದರೆ, ಹುಟ್ಟಿದ ಶಕ್ತಿಯೆಲ್ಲ ಅದರ ಸ್ವಂತ ಘರ್ಷಣೆಗೇ ಸಂದುಹೋಗುವುದು. ಅಷ್ಟರಲ್ಲಿ ಆಗ್ಸ್‌ಬರ್ಗಿನ ಯಂತ್ರಶಾಲೆಯೂ ಕ್ರುಪ್ ಸಂಸ್ಥೆಯೂ ಆ ಕಾಗದವನ್ನೇ ನಂಬಿ ಕರಾರು ಮಾಡಿಕೊಂಡಿದ್ದವು. ಆಗ ಆತನು ಹಳೆಯ ಪೇಟೆಂಟು ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಳ್ಳಲಿಲ್ಲ. ಇಂಧನ ಬಿಡುವ ಕಾಲವನ್ನು ಹೆಚ್ಚುಕಡಿಮೆ ಮಾಡುವ ವಿಧಾನಕ್ಕೆ ಅದೇ ವರ್ಷದ ನವೆಂಬರದಲ್ಲಿ ಎರಡನೆಯದೊಂದನ್ನು, 82168ನೆಯದನ್ನು, ಬೇಡಿದನು. ಸಾಲದ ಚೀಟಿಗೆ ಇನ್ನೊಂದು ಚೀಟಿಯನ್ನು ಅಂಟಿಸುವ ಈ ಉಪಾಯವನ್ನು ನಾವು ಮೆಚ್ಚಲಾರೆವು. ಆದರೆ ಹೆಂಡತಿ ಮಕ್ಕಳಿದ್ದ ಮೂವತ್ತೈದರ ಮನುಷ್ಯನಿಗೆ ಬೇರೆ ದಾರಿ ಕಾಣದಿದ್ದುದೂ ನಮಗೆ ಅರ್ಥವಾಗುತ್ತದೆ.

ಯಂತ್ರದ ಕೆಲಸವಂತೂ ಸಾಗಿತು. 1893ರ ಆಗಸ್ಟಿನಲ್ಲಿ ಮೊದಲ ಸಲ ಇಂಧನ ಬಿಟ್ಟಾಗ ಒತ್ತಡವಳೆಯುವ ಉಪಕರಣವು ಸಿಡಿದು, ಬಳಿಯಲ್ಲಿದ್ದವರು ಸ್ವಲ್ಪದರಲ್ಲಿ ಉಳಿದರು. ಮರುವರ್ಷ ಫೆಬ್ರವರಿ 17ರಂದು ಯಂತ್ರವು ಸುಮಾರು ಒಂದು ನಿಮಿಷ ಸ್ವಂತ ಬಲದಿಂದ ತಿರುಗಿತು. ಸರಿಯಾಗಿ ಮೂರು ವರ್ಷದ ಮೇಲೆ, 1897ರ ಫೆಬ್ರವರಿ 17ರಂದು, ಪ್ರೊಫೆಸರ್ ಶ್ರೋಟರ್ ಮಹಾಶಯನು ಮ್ಯೂನಿಕ್ಕಿನಿಂದ ಬಂದು ಪರೀಕ್ಷಿಸಿದನು. ಸೀಮೆಎಣ್ಣೆಯ ಶಾಖದಲ್ಲಿ ನೂರಕ್ಕೆ 26.2 ಪಾಲು ಕೆಲಸವಾಗಿ ಬಂದಿತ್ತು! ಗ್ರಂಥದಲ್ಲಿ ವಿಧಿಸಿದ್ದ ಒತ್ತಡದ ಐದರಲ್ಲೊಂದು ಪಾಲೂ ಆ ಯಂತ್ರದಲ್ಲಿರಲಿಲ್ಲ. ಕಲ್ಲಿದ್ದಲಿನ ಪುಡಿಯ ಆಸೆಯೂ ಕೈಗೂಡಿರಲಿಲ್ಲ.

ಹಣ ಹೊಳೆಯಾಗಿ ಹರಿಯಿತು. ಅಮೆರಿಕದ ಹಕ್ಕಿಗೆ ಸೇಂಟ್ ಲೂಯಿಯ ಬಿಯರ್ ವರ್ತಕ ಅಡಾಲ್ಫಸ್ ಬುಷ್ಷನು ಹತ್ತು ಲಕ್ಷ ಮಾರ್ಕುಗಳನ್ನು ತೆತ್ತನು. ಹಿಂದೆಯೇ ವ್ಯಾಜ್ಯಗಳೂ ಬಂದವು. ಎಮಿಲ್ ಕ್ಯಾಪಿಟೇನ್ ಎಂಬವನು ಪೇಟೆಂಟನ್ನೇ ಪ್ರಶ್ನಿಸಿದನು. ಇಂಗ್ಲೆಂಡಿನ ಅಕ್ರಾಯ್ಡ್ ಸ್ಟುವರ್ಟನ 1890ರ ಯಂತ್ರವನ್ನು ತೋರಿಸಿ ಡೀಸೆಲನದೇನು ಹೊಸತೆಂದು ಕೇಳಿದವರೂ ಇದ್ದರು.

ಇನ್ನು ನೆಲಗಡಲೆ ಎಣ್ಣೆಯ ವಿಷಯ. ಹೋಟೆಲು ನಡೆಸಿದ ನಮಗೆ ಆ ಎಣ್ಣೆಯ ಸ್ಥಾನ ಬಾಣಲೆಯೆಂದೇ ತಿಳಿದಿತ್ತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಡೀಸೆಲ್ ಯಂತ್ರದೊಳಕ್ಕೆ ಹೋಯಿತು. ಆದರೆ ಓಡಿಸಿದವರು ಓಟ್ಟೋ ಕಂಪೆನಿಯವರು; ಸೂಚಿಸಿದ್ದು ಫ್ರೆಂಚ್ ಸರಕಾರ. ಆಫ್ರಿಕದ ವಸಾಹತುಗಳಲ್ಲಿ ನೆಲಗಡಲೆ ಹೇರಳವಾಗಿ ಬೆಳೆಯುತ್ತಿದ್ದುದರಿಂದ, ಅಲ್ಲಿಗೆ ಹೊರಗಿನ ಇಂಧನ ಬೇಡವಾದೀತೆಂಬುದು ಅವರ ಎಣಿಕೆ. ಯಂತ್ರದಲ್ಲಿ ಯಾವ ಮಾರ್ಪಾಡನ್ನೂ ಮಾಡಿರಲಿಲ್ಲ. ಅದು ಎಣ್ಣೆಯಿಂದ ಓಡುತ್ತಿದೆಯೆಂದು ಬಹಳ ಮಂದಿಗೆ ಗೊತ್ತಾಗಲೂ ಇಲ್ಲ. ಇದನ್ನೆಲ್ಲ 1912ರಲ್ಲಿ ಬರೆದಿಟ್ಟವನು ಸ್ವತಃ ಡೀಸೆಲನೇ. ತಾನೂ ಬಳಿಕ ಪರೀಕ್ಷೆ ನಡೆಸಿದೆನೆಂದೂ, ಸಸ್ಯದ ಎಣ್ಣೆಗಳಿಗೆ ಮುಂದೊಂದು ಕಾಲ ಬಂದೀತೆಂದೂ ಸೇರಿಸಿದನು. ಪೇಟೆಂಟಿನ ವಿಷಯದಲ್ಲಿ ಬಾಯಿ ಬಿಡದವನು ಇಲ್ಲಿ ಪರರ ಪಾಲನ್ನು ಪರರಿಗೇ ಕೊಟ್ಟನು. ಇಂದಿನ ಕಥೆಗಾರರು ಅದನ್ನು ಕಸಿದು ಪುನಃ ಆತನ ಕೈಗೇ ಇಡುತ್ತಿದ್ದಾರೆ.

ಅಷ್ಟರಲ್ಲಿ ಮುಖ್ಯ ಪೇಟೆಂಟುಗಳ ಅವಧಿ ತೀರಿತ್ತು. ತೊಡಗಿಸಿದ ಹಣ ಮುಳುಗಿತ್ತು. 1913ರಲ್ಲಿ ತನ್ನ ಯಂತ್ರ ಹುಟ್ಟಿದ ಬಗೆಯನ್ನು ಕುರಿತು ಗ್ರಂಥ ಪ್ರಕಟಿಸಿದನು. ಅದೇ ವರ್ಷ ಲ್ಯೂಡರ್ಸ್ ಎಂಬ ಪ್ರೊಫೆಸರನು, ಡೀಸೆಲನ ಕೀರ್ತಿಯೇ ಒಂದು ಕಟ್ಟುಕಥೆಯೆಂದು ಪ್ರತಿಗ್ರಂಥವನ್ನು ಬರೆದನು. ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪಿನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡೆನ್ ಹಡಗಿನಲ್ಲಿ ಊಟ ಮುಗಿಸಿ ಕೋಣೆಗೆ ಹೋದವನು ಬೆಳಗಾಗುವಾಗ ಇರಲಿಲ್ಲ. ಕೆಲವು ದಿನಗಳ ಮೇಲೆ ಡಚ್ಚರ ದೋಣಿಯೊಂದು ಕಡಲಿನಲ್ಲಿ ಒಂದು ಶವವನ್ನು ಕಂಡಿತು. ಅದರ ಜೇಬಿನಲ್ಲಿದ್ದ ಸಣ್ಣಪುಟ್ಟ ವಸ್ತುಗಳನ್ನು ಮಾತ್ರ ತೆಗೆದುಕೊಂಡು ದೇಹವನ್ನು ನೀರಿಗೇ ಬಿಟ್ಟರು. ಆ ವಸ್ತುಗಳು ತಂದೆಯವೆಂದು ಮಗ ಯೂಜೆನನು ಗುರುತಿಸಿದನು.