ಕಾರಾಪುರದ ಸಾಬು: ತಟ್ಟೆಯಲ್ಲಿ ಉಳಿದ ದನಿ
ಹಳೆಯ ಸಿನಿಮಾ ಪೋಸ್ಟರ್, ಧ್ವನಿಮುದ್ರಿಕೆ ಸಂಗ್ರಹಿಸುವ ವಿದೇಶಿ ಹವ್ಯಾಸಿಗಳಿಗೆ ಸಾಬು ಚಿರಪರಿಚಿತ. 1924ರಲ್ಲಿ ಎಚ್.ಡಿ.ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಮಾವುತನ ಮಗನಾಗಿ ಜನಿಸಿದ ಈತ, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ಪ್ರಸಿದ್ಧನಾದ. ಅನಂತರ ಹಾಲಿವುಡ್, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಗನ್ನರ್.

1942ರ ‘ಜಂಗಲ್ ಬುಕ್’ ಚಿತ್ರದ ಸಂಗೀತ ಹಾಗೂ ಸಾಬುವಿನ ಕಥಾನಿರೂಪಣೆಯಿರುವ 78 ಆರ್‌ಪಿಎಂ ತಟ್ಟೆಗಳು, 1950ರಲ್ಲಿ ಆತನ ಹೆಸರಲ್ಲೇ ಬಂದ ಕಾಮಿಕ್ಸ್ ಸಂಗ್ರಾಹಕರ ಪಾಲಿಗೆ ಅಮೂಲ್ಯ. ಪೋಸ್ಟರ್‌ಗಿಂತ ತಟ್ಟೆಯೇ ಮೇಲು. ಕಬಿನಿ ತೀರದ ಹುಡುಗನ ದನಿ ಅದರಲ್ಲಿದೆ.

ವಿಪರ್ಯಾಸವೆಂದರೆ, ಭಾರತೀಯ ಚಿತ್ರವೊಂದರಲ್ಲೂ ಆತ ನಟಿಸಲಿಲ್ಲ. ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬುವನ್ನೇ, ಅದೂ ಕೈಗೂಡಲಿಲ್ಲ. 1963ರ ಡಿಸೆಂಬರ್ 2ರಂದು, 39ರ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ಆತನ ಸಮಾಧಿ ಲಾಸ್ ಏಂಜಲೀಸ್‌ನಲ್ಲಿದೆ.