ರೊನಾಲ್ಡ್ ರಾಸ್

ರೊನಾಲ್ಡ್ ರಾಸ್ (13 ಮೇ 1857 – 16 ಸೆಪ್ಟೆಂಬರ್ 1932) ಮಲೇರಿಯಾ ರೋಗವು ಸೊಳ್ಳೆಯ ಮೂಲಕ ಹರಡುತ್ತದೆ ಎಂಬುದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟ ಬ್ರಿಟಿಷ್ ವೈದ್ಯವಿಜ್ಞಾನಿ. ಈ ಸಾಧನೆಗಾಗಿ 1902ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು. ಅವರ ಸಂಶೋಧನೆಯ ನಿರ್ಣಾಯಕ ಘಟ್ಟ ನಡೆದುದು ಸಿಕಂದರಾಬಾದಿನಲ್ಲಿ. ಇಂದಿನ ಕಲಬುರಗಿ ಸೀಮೆಯೂ ಸೇರಿದ್ದ ಅಂದಿನ ಹೈದರಾಬಾದ್ ಸಂಸ್ಥಾನದ ಮೇರೆಯೊಳಗೆ ಈ ದಂಡು ಪ್ರದೇಶವಿತ್ತು.

ಬಾಲ್ಯ ಮತ್ತು ಶಿಕ್ಷಣ

ರಾಸ್ ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಜನಿಸಿದರು. ತಂದೆ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಅಧಿಕಾರಿ. ಎಂಟನೆಯ ವಯಸ್ಸಿನಲ್ಲಿ ಅವರನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಕಾವ್ಯ, ಸಂಗೀತ ಮತ್ತು ಗಣಿತಗಳಲ್ಲಿ ಆಸಕ್ತಿಯಿದ್ದರೂ ತಂದೆಯ ಇಚ್ಛೆಯಂತೆ ಲಂಡನ್ನಿನ ಸೇಂಟ್ ಬಾರ್ತಲೋಮಿಯೋ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣ ಪಡೆದು, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಯನ್ನು ಸೇರಿದರು.

ಬೆಂಗಳೂರಿನಲ್ಲಿ

1883ರಲ್ಲಿ ರಾಸ್ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ತಮ್ಮ ಬಂಗಲೆಯ ಸೊಳ್ಳೆಗಳು ಸಮೀಪದಲ್ಲಿದ್ದ ನೀರಿನ ತೊಟ್ಟಿಯಲ್ಲಿ ಹುಟ್ಟುತ್ತಿದ್ದುದನ್ನು ಕಂಡು ಅದನ್ನು ಬರಿದುಮಾಡಿಸಿದಾಗ ಅವುಗಳ ಕಾಟ ತಗ್ಗಿತು. ಸೊಳ್ಳೆಗೂ ರೋಗಕ್ಕೂ ಇರುವ ನಂಟು ಅವರಿಗೆ ಆಗ ತಿಳಿದಿರಲಿಲ್ಲ. ಆದರೆ ನಿಂತ ನೀರನ್ನು ತಡೆದರೆ ಸೊಳ್ಳೆಯನ್ನು ತಡೆಯಬಹುದೆಂಬ ಈ ಅನುಭವ ಮುಂದೆ ಅವರ ಬದುಕಿನ ಮುಖ್ಯ ಕಾರ್ಯಕ್ಕೆ ಆಧಾರವಾಯಿತು. 1895ರಲ್ಲಿ ಕಾಲರಾ ಹಾವಳಿಯ ಸಂದರ್ಭದಲ್ಲಿ ಬೆಂಗಳೂರಿನ ನೈರ್ಮಲ್ಯದ ಹೊಣೆಯೂ ಅವರ ಪಾಲಿಗೆ ಬಂದಿತು.

ಸಿಕಂದರಾಬಾದಿನ ಶೋಧ

ಮಲೇರಿಯಾಕ್ಕೆ ಜೌಗುನೆಲದ ಕೆಟ್ಟ ಗಾಳಿಯೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. 1880ರಲ್ಲಿ ಫ್ರಾನ್ಸಿನ ಸೇನಾ ವೈದ್ಯ ಅಲ್ಫೋನ್ಸ್ ಲಾವೆರಾನ್ ರೋಗಿಯ ರಕ್ತದಲ್ಲಿ ಅದರ ಪರಾವಲಂಬಿ ಜೀವಿಯನ್ನು ಗುರುತಿಸಿದರು. ಅದು ಒಬ್ಬರಿಂದ ಮತ್ತೊಬ್ಬರಿಗೆ ಹೇಗೆ ದಾಟುತ್ತದೆ ಎಂಬುದು ಮಾತ್ರ ತಿಳಿಯದೆ ಉಳಿಯಿತು. 1894ರಲ್ಲಿ ಲಂಡನ್ನಿನಲ್ಲಿ ಭೇಟಿಯಾದ ಪ್ಯಾಟ್ರಿಕ್ ಮ್ಯಾನ್ಸನ್ ಅವರು ಸೊಳ್ಳೆಯ ಮೇಲಿನ ತಮ್ಮ ಅನುಮಾನವನ್ನು ರಾಸ್‌ಗೆ ತಿಳಿಸಿದರು.

ಭಾರತಕ್ಕೆ ಮರಳಿದ ರಾಸ್ ಎರಡು ವರ್ಷಗಳ ಕಾಲ ಸೊಳ್ಳೆಗಳನ್ನು ಸೀಳಿ ನೋಡಿದರೂ ಫಲ ದೊರೆಯಲಿಲ್ಲ. ಅವರು ಪರೀಕ್ಷಿಸುತ್ತಿದ್ದ ಜಾತಿಗಳು ಮನುಷ್ಯರ ಮಲೇರಿಯಾವನ್ನು ಸಾಗಿಸುವಂಥವಲ್ಲ ಎಂಬುದೇ ಇದಕ್ಕೆ ಕಾರಣ. 1897ರ ಆಗಸ್ಟ್‌ನಲ್ಲಿ ಚುಕ್ಕೆ ರೆಕ್ಕೆಯ ಬೇರೊಂದು ಬಗೆಯ ಸೊಳ್ಳೆಗಳು ಅವರಿಗೆ ದೊರೆತವು. ಇವು ಅನಾಫಿಲಿಸ್ ಗುಂಪಿನವು. ಹುಸೇನ್ ಖಾನ್ ಎಂಬ ರೋಗಿಯನ್ನು ಅವುಗಳಿಂದ ಕಚ್ಚಿಸಿ, ಒಂದೊಂದು ಸೊಳ್ಳೆಗೆ ಒಂದಾಣೆಯಂತೆ ಅವನಿಗೆ ಹಣ ಕೊಟ್ಟರು. ಗಾಳಿಗೆ ಸೊಳ್ಳೆಗಳು ಹಾರಿಹೋದಾವೆಂದು ಸೆಕೆಯಲ್ಲಿಯೂ ಪಂಖ ಬಳಸದೆ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಆಗಸ್ಟ್ 20ರಂದು ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳು ಕಂಡವು. ಮರುದಿನ ಸೀಳಿದ ಸೊಳ್ಳೆಯಲ್ಲಿ ಅವು ಮತ್ತಷ್ಟು ದೊಡ್ಡವಾಗಿದ್ದವು. ಇದರಿಂದ ಪರಾವಲಂಬಿಯು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತಿದೆ ಎಂಬುದು ಖಚಿತವಾಯಿತು.

ಕಲ್ಕತ್ತೆಯ ಪ್ರಯೋಗಗಳು

ಇದಾದ ಕೆಲವೇ ವಾರಗಳಲ್ಲಿ ರಾಸ್ ಅವರನ್ನು ರಜಪುತಾನದ ಖೇರವಾಡಕ್ಕೆ ವರ್ಗಾಯಿಸಲಾಯಿತು. ಸಂಶೋಧನೆ ನಿಂತುಹೋಯಿತು. ಮ್ಯಾನ್ಸನ್ ಅವರ ಪ್ರಯತ್ನದಿಂದ 1898ರಲ್ಲಿ ಕಲ್ಕತ್ತೆಯಲ್ಲಿ ಕೆಲಸ ಮುಂದುವರಿಸುವ ಅವಕಾಶ ದೊರೆಯಿತು. ಅಲ್ಲಿ ಹಕ್ಕಿಗಳ ಮಲೇರಿಯಾವನ್ನು ಅಭ್ಯಸಿಸಿ, ಪರಾವಲಂಬಿಯು ಜಠರದಿಂದ ಸೊಳ್ಳೆಯ ಲಾಲಾಗ್ರಂಥಿಗೆ ಸೇರುವುದನ್ನು ಕಂಡುಕೊಂಡರು. ಸೋಂಕುಳ್ಳ ಸೊಳ್ಳೆಗಳಿಂದ ಕಚ್ಚಿಸಿದಾಗ ಆರೋಗ್ಯವಂತ ಹಕ್ಕಿಗಳಿಗೂ ರೋಗ ತಗುಲಿತು. ಅದೇ ವರ್ಷ ಇಟಲಿಯ ಜಿಯೊವಾನಿ ಗ್ರಾಸ್ಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾ ಅನಾಫಿಲಿಸ್ ಸೊಳ್ಳೆಯಿಂದ ಹರಡುವುದನ್ನು ತೋರಿಸಿದರು. ಶೋಧದ ಶ್ರೇಯಸ್ಸು ಯಾರದೆಂಬ ಬಗ್ಗೆ ರಾಸ್ ಮತ್ತು ಗ್ರಾಸ್ಸಿ ನಡುವೆ ಕಹಿಯಾದ ವಿವಾದ ಬಹುಕಾಲ ನಡೆಯಿತು.

ರೋಗ ನಿಯಂತ್ರಣ ಮತ್ತು ಕೊನೆಯ ವರ್ಷಗಳು

1899ರಲ್ಲಿ ಸೇವೆಯಿಂದ ನಿವೃತ್ತರಾದ ರಾಸ್ ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಸ್ತ್ರದ ಶಾಲೆಯನ್ನು ಸೇರಿದರು. ಪಶ್ಚಿಮ ಆಫ್ರಿಕಾ, ಈಜಿಪ್ಟ್ ಮೊದಲಾದೆಡೆ ಸೊಳ್ಳೆಗಳ ನಿಯಂತ್ರಣಕ್ಕೆ ಶ್ರಮಿಸಿದರು. ಸೊಳ್ಳೆಗಳನ್ನು ಸಂಪೂರ್ಣ ನಾಶಮಾಡದೆ, ಅವುಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗಿಳಿಸಿದರೂ ರೋಗ ಕ್ರಮೇಣ ಇಲ್ಲವಾಗುವುದೆಂದು ಗಣಿತದ ಮೂಲಕ ವಿವರಿಸಿದರು. 1911ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. 1926ರಲ್ಲಿ ಅವರ ಹೆಸರಿನ ಸಂಸ್ಥೆ ಲಂಡನ್ನಿನಲ್ಲಿ ಆರಂಭವಾಯಿತು. 1932ರಲ್ಲಿ ಅಲ್ಲಿಯೇ ನಿಧನರಾದರು.

ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವಾಗಿ ಆಚರಿಸಲಾಗುತ್ತದೆ. ಮನೆಯ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳಬೇಕೆಂದು ಆರೋಗ್ಯ ಇಲಾಖೆ ಪ್ರತಿ ಮಳೆಗಾಲದಲ್ಲಿ ನೀಡುವ ಸಲಹೆಯ ಹಿಂದೆ ರಾಸ್ ಅವರ ಈ ದುಡಿಮೆಯಿದೆ.