ಹ್ಯಾರಿ ಫರ್ಗ್ಯುಸನ್

ನಗರವಾಸಿಗಳಾದ ನಮ್ಮಲ್ಲಿ ಹಲವರ ಹಿರಿಯರು ನೇಗಿಲು ಹಿಡಿದು ಬಾಳಿದವರು. ಉಳುವವನ ಶ್ರಮವನ್ನೂ ಅಪಾಯವನ್ನೂ ತಗ್ಗಿಸಿದ ಹ್ಯಾರಿ ಫರ್ಗ್ಯುಸನ್ನನ ಚರಿತ್ರೆಯನ್ನು ನಾವು ತಿಳಿಯುವುದು ಉಚಿತವಾಗಿದೆ.

ಐರ್ಲೆಂಡಿನ ಡೌನ್ ಪ್ರಾಂತದ ಗ್ರೌವೆಲ್ ಗ್ರಾಮದ ರೈತನೊಬ್ಬನ ಮನೆಯಲ್ಲಿ 1884ನೆಯ ನವೆಂಬರ್ 4ರಂದು ಆತನು ಜನಿಸಿದನು. ಬೇಸಾಯದ ದುಡಿಮೆ ಆತನಿಗೆ ಒಗ್ಗಲಿಲ್ಲ. ಬೆಲ್‌ಫಾಸ್ಟ್ ನಗರದಲ್ಲಿದ್ದ ಅಣ್ಣನ ಕಾರ್ಖಾನೆಯನ್ನು ಸೇರಿ ಯಂತ್ರಗಳ ಕೆಲಸವನ್ನು ಕಲಿತನು. 1909ನೆಯ ಡಿಸೆಂಬರ್ 31ರಂದು, ತಾನೇ ನಿರ್ಮಿಸಿದ ವಿಮಾನದಲ್ಲಿ ಹಾರಿ, ಐರ್ಲೆಂಡಿನ ಮೊದಲ ವೈಮಾನಿಕನೆಂಬ ಕೀರ್ತಿಯನ್ನು ಪಡೆದನು.

ಮೊದಲನೆಯ ಮಹಾಯುದ್ಧದಲ್ಲಿ ಆಹಾರದ ಬೆಳೆ ಹೆಚ್ಚಬೇಕಾಗಿತ್ತು. 1917ರಲ್ಲಿ ಟ್ರಾಕ್ಟರುಗಳ ಬಳಕೆಯನ್ನು ಸುಧಾರಿಸುವ ಕಾರ್ಯವು ಫರ್ಗ್ಯುಸನ್ನನ ಪಾಲಿಗೆ ಬಂದಿತು. ಆಗ ನೇಗಿಲನ್ನು ಟ್ರಾಕ್ಟರಿನ ಹಿಂದೆ ಬಂಡಿಯಂತೆ ಕಟ್ಟಿ ಎಳೆಯುತ್ತಿದ್ದರು. ನೆಲದಲ್ಲಿ ಹುದುಗಿದ ಬಂಡೆಗೆ ನೇಗಿಲು ಸಿಕ್ಕಿಕೊಂಡರೆ, ಟ್ರಾಕ್ಟರು ಮುಂಗಾಲೆತ್ತಿದ ಕುದುರೆಯಂತೆ ಮೇಲೆದ್ದು ಹಿಂದಕ್ಕೆ ಮಗುಚುತ್ತಿತ್ತು. ಹೀಗೆ ಅನೇಕ ಚಾಲಕರು ಪ್ರಾಣ ಕಳೆದುಕೊಂಡರು.

ಯಂತ್ರದ ತೂಕವನ್ನು ಹೆಚ್ಚಿಸುವುದರಿಂದ ಮಣ್ಣು ಗಟ್ಟಿಯಾಗುವುದು, ಬೆಲೆಯೂ ಏರುವುದು. ಆದುದರಿಂದ ಆತನು ಜೋಡಣೆಯನ್ನೇ ಬದಲಿಸಲು ನಿಶ್ಚಯಿಸಿದನು. ವಿಲಿಯಂ ಸ್ಯಾಂಡ್ಸ್ ಮೊದಲಾದ ಸಂಗಡಿಗರೊಡನೆ ಅನೇಕ ವರ್ಷ ದುಡಿದು, ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ತೋಳುಗಳಿಂದ ನೇಗಿಲನ್ನು ಟ್ರಾಕ್ಟರಿನ ಅಂಗವನ್ನಾಗಿ ಮಾಡಿದನು. ಎಣ್ಣೆಯ ಒತ್ತಡವು ನೇಗಿಲನ್ನು ಎತ್ತಿ ಇಳಿಸುತ್ತಿತ್ತು. ಬಂಡೆ ತಗುಲಿದಾಗ ಮೇಲಿನ ತೋಳು ಮುಂಭಾಗವನ್ನು ನೆಲಕ್ಕೆ ಒತ್ತುತ್ತಿತ್ತು. ಹಿಂಗಾಲಿಗಳು ಹಿಡಿತ ತಪ್ಪಿ ನಿಂತಲ್ಲೇ ತಿರುಗುತ್ತಿದ್ದವು. ಚಾಲಕನ ಜೀವ ಉಳಿಯುತ್ತಿತ್ತು.

1938ರಲ್ಲಿ ಅಮೆರಿಕದ ಹೆನ್ರಿ ಫೋರ್ಡನು ಈ ಸಾಧನವನ್ನು ಮೆಚ್ಚಿ ಪಾಲುದಾರನಾದನು. ಒಪ್ಪಂದಕ್ಕೆ ಕಾಗದಪತ್ರವಿರಲಿಲ್ಲ, ಕೈಕುಲುಕಿದ್ದೇ ಸಾಕ್ಷಿ. ಫೋರ್ಡನ ಮೊಮ್ಮಗನ ಕಾಲದಲ್ಲಿ ಅದು ಮುರಿಯಿತು. ಫರ್ಗ್ಯುಸನ್ ನ್ಯಾಯಾಲಯದ ಮೆಟ್ಟಿಲೇರಿದನು. 1952ರಲ್ಲಿ ಆತನಿಗೆ ತೊಂಬತ್ತೆರಡೂವರೆ ಲಕ್ಷ ಡಾಲರ್ ಪರಿಹಾರ ದೊರೆಯಿತು.

ಈ ನಡುವೆ, 1946ರಿಂದ ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ಆತನ ಬೂದುಬಣ್ಣದ ಚಿಕ್ಕ ಟ್ರಾಕ್ಟರು ಸಿದ್ಧವಾಗತೊಡಗಿತು. 1956ರೊಳಗೆ ಐದು ಲಕ್ಷಕ್ಕೂ ಮಿಗಿಲಾದವು ಹೊರಬಂದವು. ಎಣ್ಣೆಯ ಆ ಒತ್ತಡದಿಂದಲೇ ಗೊಬ್ಬರವನ್ನೆತ್ತಿ ಬಂಡಿಗೆ ತುಂಬುವ ಸಾಧನವನ್ನೂ ಅದಕ್ಕೆ ಜೋಡಿಸಿದರು. ಕೊಟ್ಟಿಗೆಯ ಬೆನ್ನುಮುರಿಯುವ ಕೆಲಸವೂ ಹಗುರಾಯಿತು. ಎಡ್ಮಂಡ್ ಹಿಲರಿಯ ತಂಡವು ಇಂತಹ ಟ್ರಾಕ್ಟರುಗಳಲ್ಲೇ 1958ರ ಜನವರಿಯಲ್ಲಿ ದಕ್ಷಿಣ ಧ್ರುವವನ್ನು ಮುಟ್ಟಿತು.

1960ನೆಯ ಅಕ್ಟೋಬರ್ 25ರಂದು ಫರ್ಗ್ಯುಸನ್ ಕಾಲವಶನಾದನು. ಅದೇ ವರ್ಷ ಮದರಾಸಿನಲ್ಲಿ ಆರಂಭವಾದ ಸಂಸ್ಥೆಯೊಂದು ಆತನ ಹೆಸರನ್ನು ಹೊತ್ತ ಟ್ರಾಕ್ಟರುಗಳನ್ನು ನಮ್ಮ ದೇಶದ ಹೊಲಗಳಿಗೂ ತಂದಿತು.

ಹೊಲದ ಕೆಲಸವನ್ನು ಬಿಟ್ಟುಹೋದವನು ಹೊಲದವರನ್ನು ಮರೆಯಲಿಲ್ಲ. ಊರು ಬಿಟ್ಟು ಬಂದು ವಿದ್ಯೆ ಕಲಿಯುತ್ತಿರುವ ನಾವು ಈತನಿಂದ ಕಲಿಯಬೇಕಾದುದು ಇದನ್ನೇ.